ಜಾಮೀನಿಗಿಟ್ಟ ರೊಟ್ಟಿ

ಹೊಸ ಎಂಜಿನಿಯರುಗಳಿಗೆ ಕೆಲಸ ಕೊಡುವಾಗ ಕಂಪನಿಗಳು ಮೊದಲೆಲ್ಲ ಅಂಕಪಟ್ಟಿ ಇಟ್ಟುಕೊಳ್ಳುತ್ತಿದ್ದವಂತೆ. ಈಗ ಎರಡು ವರ್ಷದ ಬಾಂಡ್ ಮುಗಿಯುವವರೆಗೆ ಒಂದು ಕೈಚಳಕವನ್ನೇ ಜಾಮೀನಾಗಿ ಇಟ್ಟುಕೊಳ್ಳುತ್ತವೆ. ಸ್ವಂತದ್ದಾದರೂ ಸರಿ, ಮನೆಯವರದ್ದಾದರೂ ಸರಿ. ಚಿತ್ರ ಬಿಡಿಸುವ ತನ್ನ ಕೈಚಳಕ ಬಿಟ್ಟುಕೊಡಲು ಮನಸ್ಸಾಗದೆ ಶಿವಲೀಲಾ ಆಫರ್ ಲೆಟರಿನಲ್ಲಿ ಅವ್ವನ ರೊಟ್ಟಿ ಬಡಿಯುವ ಕೈಚಳಕವನ್ನು ಬರೆದಿದ್ದಳು. “ಬರೇ ಸಾಕ್ಷಿ ಸಹಿ ಅವ್ವಾ” ಎಂದು ಸುಳ್ಳು ಹೇಳಿ ಸಹಿ ಹಾಕಿಸಿಕೊಂಡಿದ್ದಳು.

ಕೆಲಸಕ್ಕೆ ಸೇರಿದ ಮರುದಿನ ಬೆಳಿಗ್ಗೆ, ಗದಗಿನ ಖಾನಾವಳಿಯೊಂದಕ್ಕೆ ದಿನಾ ನೂರು ರೊಟ್ಟಿ ಬಡಿದು ಕೊಡುತ್ತಿದ್ದ ಅವ್ವ ನೀಲವ್ವ ಹಿಟ್ಟಿನ ಮುಂದೆ ಕೂತಿದ್ದಳು. ಬಡಿದದ್ದೆಲ್ಲ ಹರಿಯುತ್ತಿತ್ತು. ನಾಲ್ಕನೆಯದೂ ಹಂಚಿನ ಮೇಲೆ ಎರಡು ಹೋಳಾಯಿತು.

“ಹಿಟ್ಟು ಹಳೇದಿರಬೇಕವ್ವಾ, ಜಿಗುಟಿಲ್ಲ,” ಎಂದಳು ಶಿವಲೀಲಾ, ತಲೆ ಎತ್ತದೆ.

ನೀಲವ್ವ ಆ ಹೋಳುಗಳನ್ನೇ ಮಗಳ ತಾಟಿಗೆ ಹಾಕಿ, ಮೇಲೆ ಬದನೆಕಾಯಿ ಪಲ್ಯ ಬಡಿಸಿದಳು.

“ಹಿಟ್ಟು ನಿನ್ನೇನ ಬೀಸಿಸೀನಿ. ಸಹಿ ಹಾಕೂ ಮುಂದ ನಾನು ಕಾಗದಾ ಪೂರ್ತಿ ಓದೀನಿ. ನೀನ ಬಾಯಿ ಬಿಟ್ಟು ಕೇಳ್ತಿ ಅಂತ ಕಾದೆ. ಕೇಳಿದ್ರ ನಾ ಇಲ್ಲ ಅಂತಿದ್ನೇನು?”

ಶಿವಲೀಲಾಳ ಕೈ ತಾಟಿಗೆ ಇಳಿಯಲಿಲ್ಲ.

“ಉಣ್ಣು,” ಎಂದಳು ನೀಲವ್ವ, ಐದನೆಯ ಉಂಡೆ ಹಿಡಿಯುತ್ತ. “ಆಫೀಸಿಗೆ ಹೊತ್ತಾತು.”