ಕೆರೆಯುವ ನಿಬ್ಬು

"ಮೂರೂ ಒಂದ ನಮೂನಿ ಅವ ಬಾಯಿ, ಯಾವುದರ ಒಂದು ಒಯ್ಯಿರಿ," ಅಂದ ಉಮರ್ಗಾ ಪೇಟೆಯ ಪೆನ್ ರಿಪೇರಿಯ ಬಾಬುರಾವ್. ಶೇವಂತಾಬಾಯಿಗೆ ಮೈಯೆಲ್ಲ ಉರಿಯಿತು. ಮಸಿ ಸೋರುತ್ತದೆಂದು ಆಕೆ ಕೊಟ್ಟದ್ದು ತೀರಿಹೋದ ಅಜ್ಜನ ಪೆನ್ನು. ಇವನೋ ಮೂರು ಮನೆಯ ಕರಿ ಪೆನ್ನುಗಳನ್ನು ಒಂದೇ ಬಟ್ಟಲಲ್ಲಿ ತೊಳೆದು ಕಲಸಿಬಿಟ್ಟಿದ್ದ.

"ನಡಿಯ, ಊರಿಗೆ ಹೋಗೋ ಮುರುಮದ ಬಸ್ ಹೊಂಟದ," ಎಂದು ಗಂಡ ಕಲ್ಯಾಣಪ್ಪ ಗೊಣಗಿದ. "ಒಂದು ಪೆನ್ನಿಗೆ ಎಷ್ಟು ಜಿದ್ದು ನಿಂದು!"

"ಮಂದಿ ದನದಾಗ ನಿಮ್ಮ ಎತ್ತು ಕೂಡ್ತಂದ್ರ, ಯಾವುದರ ಒಂದು ಹೊಡಕೊಂಡು ಬರ್ತೀರೇನ್ರಿ?"

ಆಕೆ ಒಂದೊಂದೇ ಪೆನ್ನು ಹಿಡಿದು ರದ್ದಿ ಕಾಗದದ ಮೇಲೆ ತನ್ನ ಹೆಸರು ಬರೆದಳು. ಎರಡು ಸರಾಗವಾಗಿ ಓಡಿದವು. ಮೂರನೆಯದು ಕರಕರ ಎಂದು ಕಾಗದ ಕೆರೆಯಿತು.

"ಅದು ಕೆಟ್ಟದ. ತರ್ರಿ, ಹೊಸಾ ನಿಬ್ಬು ಹಾಕ್ತೀನಿ," ಎಂದು ಬಾಬುರಾವ್ ಚಿಮಟ ಹಿಡಿದು ಕೈ ಚಾಚಿದ.

ಆ ಕರಕರ ಸದ್ದು ಶೇವಂತಾಬಾಯಿಗೆ ಗೊತ್ತಿತ್ತು. ಚಿಕ್ಕಂದಿನಲ್ಲಿ ಅಜ್ಜನ ಪೆನ್ನು ಕದ್ದು ಕನ್ನಡ ಅಕ್ಷರ ತಿದ್ದಿದಾಗಲೆಲ್ಲ ಅದು ಹೀಗೇ ಕೆರೆಯುತ್ತಿತ್ತು. ನಿಜಾಮನ ಕಚೇರಿಯಲ್ಲಿ ತಲೆಗೂದಲು ಬೆಳ್ಳಗಾಗುವವರೆಗೆ ಬರೆದ ಅಜ್ಜನ ಕೈಯಲ್ಲಿ ಮಾತ್ರ ಸದ್ದಿರುತ್ತಿರಲಿಲ್ಲ. ಆಕೆ ನಿಬ್ಬನ್ನು ಕಾಗದದ ಬಲ ಅಂಚಿಗಿಟ್ಟು ಎಡಕ್ಕೆ ಗೆರೆ ಎಳೆದಳು. ಪೆನ್ನು ಎಣ್ಣೆಯ ಮೇಲೆ ಜಾರಿದಂತೆ ಜಾರಿತು.

"ಅರೆ, ಇದು ಉಲ್ಟಾ ನಡೀತದಲ್ಲ!" ಅಂದ ಬಾಬುರಾವ್.

"ಉಲ್ಟಾ ಅಲ್ಲೋ ಮಾರಾಯಾ, ಉರ್ದು," ಎಂದು ಆಕೆ ಅವನ ಚಿಮಟವನ್ನು ಆಚೆ ಸರಿಸಿದಳು. "ನಮ್ಮ ಅಜ್ಜಂದು, ಅವನ ಕೈಗ ಸವದದ. ನಿಬ್ಬು ಮುಟ್ಟಿದ್ರ ನೋಡು!"