ಅರ್ಧಕ್ಕೆ ನಿಂತ ಚಿತ್ರ

ಆಗಸ್ಟಿನ ಪ್ರವಾಸಿಗರಿಗೆ ವೇಗ ಸಾಲದೆಂದು, ದ್ವೀಪದ ಆಸ್ಪತ್ರೆಯ ಇಂಟರ್‌ನೆಟ್ ಲೈನನ್ನು ಪಾಂತೆಲಿಸ್ ತನ್ನ ಹೋಟೆಲಿಗೆ ತಿರುಗಿಸಿಕೊಂಡ.

ಈಗ ಅದೇ ಹೋಟೆಲಿನ ಕೌಂಟರಿನ ಹಿಂದೆ ನರ್ಸ್ ಎವ್ದೊಕಿಯಾ ಕುಕ್ಕರುಗಾಲಲ್ಲಿ ಕೂತಿದ್ದಳು. ಎದೆ ಹಿಡಿದುಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದ ಮುದುಕ ಸ್ತ್ರಾತಿಸನ ಇಸಿಜಿ ಚಿತ್ರ ಅವಳ ಫೋನಿನಿಂದ ಅಥೆನ್ಸಿಗೆ ಹೋಗುತ್ತಾ ಅರ್ಧಕ್ಕೇ ನಿಂತಿತ್ತು. ಅದನ್ನು ನೋಡದೆ ಅಲ್ಲಿನ ಡಾಕ್ಟರು ಹೆಲಿಕಾಪ್ಟರ್ ಕಳಿಸುತ್ತಿರಲಿಲ್ಲ. "ಹೋಗಪ್ಪಾ, ಹೋಗು," ಎಂದು ಫೋನನ್ನೇ ಬೇಡಿಕೊಂಡಳು. ಕೊನೆಗೆ ಅತಿಥಿಗಳ ಕೋಣೆಗಳಿಗೆ ಹೋಗುವ ತಂತಿಯನ್ನೇ ಕಿತ್ತಳು. ಚಿತ್ರ ಚೂರು ಮುಂದೆ ಸರಿಯಿತು.

ಪಾಂತೆಲಿಸ್ ಓಡಿಬಂದ. "ಸಿಕ್ಕಿಸೇ ಅದನ್ನ. ಗಿರಾಕಿಗಳು ಮುಖಕ್ಕೆ ಉಗೀತಿದಾರೆ."

"ಚರ್ಚಲ್ಲಿ ನಿನ್ನ ಎತ್ಕೊಂಡು ಹೆಸರಿಟ್ಟೋನು ಕಣೋ ಆ ಮುದುಕ."

"ಸಿಕ್ಕಿಸು ಅಂದೆ."

ಅವಳು ತಂತಿಯನ್ನು ಮುಷ್ಟಿಗೆ ಸುತ್ತಿಕೊಂಡು, ಆ ದ್ವೀಪದವರು ಆಗಲ್ಲ ಎನ್ನಲು ಮಾಡುವ ಹಾಗೆ, ಗದ್ದ ಮೇಲೆತ್ತಿ ಲೊಚಗುಟ್ಟಿದಳು.