ಬಿಸಿಲಿಗಿಟ್ಟ ಪ್ರೊಪೆಲ್ಲರ್

ನೆಲದ ಮೇಲೂ ನೀರಿನ ಮೇಲೂ ಓಡುವ ಆ ಹಳೆಯ ಕಾರಿಗೆ ಬಣ್ಣ ಹೊಡೆದಾಗಿತ್ತು. ಉಳಿದದ್ದು ಹಿಂಬದಿಯ ಎರಡು ಪ್ಲಾಸ್ಟಿಕ್ ಪ್ರೊಪೆಲ್ಲರ್‌ಗಳು. ಒಂದು ಕಾಲಕ್ಕೆ ಬೆಳ್ಳಗಿದ್ದ ಅವು ಈಗ ಬೀಡಿ ಸೇದುವವನ ಹಲ್ಲಿನ ಬಣ್ಣಕ್ಕೆ ತಿರುಗಿದ್ದವು. ಅವನು ಅವಕ್ಕೆ ಬ್ಲೀಚ್ ಕ್ರೀಮು ಸವರಿ, ಅಂಗಳದ ಬಿಸಿಲಿಗಿಟ್ಟು, ಸ್ಟೂಲು ಹಾಕಿಕೊಂಡು ಪಕ್ಕದಲ್ಲೇ ಕಾಯುತ್ತಿದ್ದ.

"ರೀ, ಒಂಚೂರು ಒಳಗೆ ಬನ್ನಿ," ಹೆಂಡತಿ ಕರೆದಳು.

"ಬಂದೆ ಕಣೇ, ತಾಳು."

ಬೆಳಗಿನಿಂದ ಇದೇ ರಾಗ. ಕೆಲಸ ಕೈಗೆ ಹತ್ತಿರುವಾಗ ಎದ್ದು ಹೋಗಲು ಯಾರಿಗೆ ಮನಸ್ಸು ಬರುತ್ತದೆ?

ಅಷ್ಟರಲ್ಲಿ ಊರಿನಿಂದ ನಾದಿನಿ ಬಂದಳು. ಬ್ಯಾಗು ಹಿಡಿದೇ ಅಂಗಳದಲ್ಲಿ ನಿಂತುಬಿಟ್ಟಳು.

"ಅಬ್ಬಾ, ಎಷ್ಟು ಬೆಳ್ಳಗಾಗಿವೆ ಭಾವ! ಒಂದು ಕಲೆಯೂ ಇಲ್ವಲ್ಲ!"

ಅವನು ಉಬ್ಬಿಹೋದ. "ಸುಮ್ನೆ ಆಗುತ್ತೇನಮ್ಮ? ಗಂಟೆಗೊಂದ್ಸಲ ಮಗ್ಗುಲು ಬದಲಾಯಿಸ್ತಾ ಇರ್ಬೇಕು. ಒಂದೇ ಕಡೆ ಬಿಟ್ರೆ ಹಾಳಾಗೋಗುತ್ತೆ. ಹದಿನೈದು ದಿನದಿಂದ ಇವನ್ನ ಬಿಟ್ಟು ಕದಲಿಲ್ಲ ನಾನು."

ಲಕ್ವ ಹೊಡೆದು ಮಲಗಿದ್ದ ಅಕ್ಕನನ್ನು ನೋಡಲು ಅವಳು ಒಳಗೆ ಹೋದಳು. ಅವನು ಒಂದು ಪ್ರೊಪೆಲ್ಲರನ್ನು ಎರಡೂ ಕೈಯಲ್ಲಿ ಮೆಲ್ಲಗೆ ಎತ್ತಿ ಇನ್ನೊಂದು ಮಗ್ಗುಲಿಗೆ ಹೊರಳಿಸಿದ.

ಒಳಗಿನಿಂದ ನಾದಿನಿ ಚೀರಿದಳು. "ಭಾವಾ, ಅಕ್ಕನ ಬೆನ್ನು ಪೂರ್ತಿ ಹುಣ್ಣಾಗಿ ಹಾಸಿಗೆಗೆ ಅಂಟ್ಕೊಂಡುಬಿಟ್ಟಿದೆ!"